ಪಂಚಮಿಯಿಂದ ಮಹಾನವಮಿ ತನಕ: ನಮ್ಮ ಕಡೆ ಹೈಸ್ಕೂಲ್ ಹುಡುಗ್ಯಾರ ಆಟದ ಹಂಗಾಮ

ನಮ್ಮ ಕಡೆ ಎಲ್ಲಾಕೂ ಒಂದೊಂದು ಹಂಗಾಮ ಐತಿ. ಕಬ್ಬಿಗೊಂದು, ಜ್ವಾಳಕ್ಕೊಂದು, ಲಗ್ನಕ್ಕೊಂದು. ಹಂಗ ಹೈಸ್ಕೂಲಿನ ಆಟಕ್ಕೂ ಒಂದು ಹಂಗಾಮ ಐತಿ. ಅದು ಮನ್ಯಾಗಿನ ಗಂಡಸರಿಗಿಂತ ತಾಯಂದ್ರಿಗೆ ಲಗೂನ ಗೊತ್ತಾಗತೈತಿ. ಒಗಿಯೋ ಅರಬಿ ಹೆಚ್ಚಾಗತಾವು, ಮುಂಜಾನೆ ಬುತ್ತಿ ದೊಡ್ಡದಾಗತೈತಿ, ಸಂಜೀಕ ಬಾಗಲದಾಗ ನಿಂತು ದಾರಿ ನೋಡೋದು ಸುರು ಆಗತೈತಿ.

ಈ ಹಂಗಾಮದ ಲೆಕ್ಕ ಹಿಂಗೈತಿ ನೋಡ್ರಿ. ಜೂನದಾಗ ಸಾಲಿ ಸುರು ಆಗತಾವು. ಪಿಟಿ ಮಾಸ್ತರು ಹುಡುಗರನ್ನ ಓಡಿಸಿ ನೋಡಿ ಯಾರ ಕಾಲು ಎಂಥಾದು ಅಂತ ಮನಸಿನಾಗ ಬರಕೋತಾರ. ಪಂಚಮಿ ಹಿಂದ-ಮುಂದ ತಂಡ ಆಗತೈತಿ. ಶ್ರಾವಣದಾಗ ವಲಯ ಮಟ್ಟ, ಆಮ್ಯಾಲ ತಾಲ್ಲೂಕ ಮಟ್ಟ, ಅಲ್ಲಿ ಗೆದ್ದವ್ರು ಜಿಲ್ಲಾ ಮಟ್ಟ, ಅಲ್ಲೂ ಗೆದ್ದರ ಬೆಳಗಾವಿ ವಿಭಾಗ ಮಟ್ಟ, ಅದರ ಮ್ಯಾಲ ರಾಜ್ಯ ಮಟ್ಟ. ಬಹಳಷ್ಟು ಸಾಲಿಗಳ ಹಂಗಾಮ ತಾಲ್ಲೂಕಿಗೇ ಮುಗೀತೈತಿ. ಮಹಾನವಮಿ ಸೂಟಿ ಬರೋದ್ರಾಗ ಮೈದಾನ ಖಾಲಿ. ಒಬ್ಬ ಹುಡುಗಿಗೆ ಹೈಸ್ಕೂಲಿನಾಗ 8, 9, 10 ಅಂತ ಮೂರೇ ವರ್ಷ ಸಿಗತಾವು. ಅಂದ್ರ ಮೂರೇ ಹಂಗಾಮ. ಅದರಾಗೂ ಹತ್ತನೇತ್ತಾ ವರ್ಷ "ಪರೀಕ್ಷಾ ಐತಿ, ಆಟ ಸಾಕು" ಅಂತ ಮನ್ಯಾಗ ಅಂದೇ ಅಂತಾರ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈಗ ಒಂದೇ ಜಿಲ್ಲಾದಾಗ ಅದಾವು. ಒಂದೇ ಮೈದಾನದಾಗ ನಮ್ಮ ಮಕ್ಕಳು ಎದುರು-ಬದುರು ನಿಲ್ಲತಾವು. ನಮ್ಮ ಅಜ್ಜಿ ಕಾಲಕ್ಕ ಹಂಗಿರಲಿಲ್ಲ. ಜಮಖಂಡಿ ಪಟವರ್ಧನ ಅರಸರ ಸಂಸ್ಥಾನ. ಮುಧೋಳ ಘೋರ್ಪಡೆ ಅರಸರದು, ಮಹಾಲಿಂಗಪುರ ಅವರ ಕೈಯಾಗ. ಬೀಳಗಿ ಇಂಗ್ರಜಿಯವರ ವಿಜಾಪುರ ಜಿಲ್ಲಾಕ್ಕ ಸೇರಿದ್ದು. ಇನ್ನು ರಬಕವಿ-ಬನಹಟ್ಟಿ ಕಥಿ ಕೇಳಿದ್ರ ನಗು ಬರತೈತಿ. ಇವತ್ತು ಎರಡೂ ಕೂಡಿ ಒಂದ ನಗರಸಭೆ, ಆದ್ರ ಆಗ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕ, ರಬಕವಿ ಸಾಂಗಲಿ ಸಂಸ್ಥಾನಕ್ಕ. ಈಗಿನ ವಲಯ ಮಟ್ಟದ ಪಂದ್ಯಕ್ಕ ಇತ್ತಲ ಓಣಿಯಿಂದ ಅತ್ತಲ ಓಣಿಗೆ ಹೋದಂಗ ಹೋಗತೀವಲ್ಲ, ಅದು ಆಗ ಒಬ್ಬ ರಾಜನ ಸೀಮಿ ಬಿಟ್ಟು ಇನ್ನೊಬ್ಬನ ಸೀಮಿಗೆ ಹೋದಂಗ. 1948ರಾಗ ಈ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕ ಕೂಡಿದವು, 1956ರಾಗ ನಾವೆಲ್ಲ ಮೈಸೂರು ರಾಜ್ಯಕ್ಕ ಬಂದಿವಿ.

ಹಿಂಗಾಗಿ ನಮ್ಮ ಸಾಲಿಗಳ ಆಟದಾಗ ಬೆಂಗಳೂರಿಗಿಂತ ಪುಣೆ, ಸಾಂಗಲಿ, ಕೊಲ್ಲಾಪುರದ ವಾಸನಿ ಹೆಚ್ಚು. ನಮ್ಮ ಹಿರಿಯರು ಕಬಡ್ಡಿಗೆ ಹುತುತು ಅಂತಿದ್ರು. 15 ಆಗಸ್ಟಕ್ಕ ಲೇಜಿಮ್ ಹಿಡದು ಕುಣೀತಿದ್ರು. ಖೋ-ಖೋದ ನಿಯಮ ಬರದು ಗೆರಿ ಹಾಕಿಕೊಟ್ಟಾವ್ರು ಪುಣೆಯ ಡೆಕ್ಕನ್ ಜಿಮಖಾನಾದವ್ರು, ಹೋದ ಶತಮಾನದ ಸುರುವಿಗೆ. ಪುಣೆ ಮತ್ತ ಜಮಖಂಡಿ ನಂಟು ಹಳೇದು. ಪುಣೆಯ ಎಸ್.ಪಿ. ಕಾಲೇಜ ಅಂತೀವಲ್ಲ, ಆ "ಸರ್ ಪರಶುರಾಮಭಾವು" ನಮ್ಮ ಜಮಖಂಡಿ ಪಟವರ್ಧನ ಮನೆತನದವ್ರು. ಜಮಖಂಡಿಯ ಪರಶುರಾಮಭಾವು ಹೈಸ್ಕೂಲೂ ಅದೇ ಹೆಸರಿಂದು. 1886ರಾಗ ಜಮಖಂಡಿಯಾಗ ಹುಟ್ಟಿದ ಗುರುದೇವ ರಾನಡೆ ಓದಿದ್ದು ಅಲ್ಲೇ. ಆ ದಾರಿಯಿಂದನ ಪುಸ್ತಕನೂ ಬಂದವು, ಆಟದ ಪದ್ಧತಿನೂ ಬಂದವು.

ಆದ್ರ ಇವೆಲ್ಲ ಗಂಡುಹುಡುಗರ ಮಾತು. ಗರಡಿ ಅವರದು, ಜಾತ್ರಿ ಕುಸ್ತಿ ಅವರದು, ಸಂಗ್ರಾಣಿ ಕಲ್ಲು ಎತ್ತೋದು ಅವರದು. ಹೆಣ್ಣುಮಕ್ಕಳಿಗೆ ಆಟದ ಹಂಗಾಮ ಅಂದ್ರ ಪಂಚಮಿ ಒಂದೇ. ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಜೀಕಬೇಕು, ಫುಗಡಿ ಆಡಬೇಕು, ಉಂಡಿ ತಿನ್ನಬೇಕು, ಮೂರು ದಿನಕ್ಕ ಮುಗೀತು. ನಮ್ಮ ಅವ್ವ ಜೋಕಾಲಿ ಜೀಕಿದ್ರ ಹಗ್ಗ ಮಾಳಗಿ ಎತ್ತರಕ್ಕ ಹೋಗತಿತ್ತಂತ. ಈಗಲೂ ಆ ಮಾತು ಹೇಳುವಾಗ ಆಕಿ ದನಿ ಬ್ಯಾರೆ ಆಗತೈತಿ. ಆ ಕಾಲು, ಆ ಧೈರ್ಯ ಆಕಿಗೂ ಇತ್ತು. ಇಲ್ಲದ್ದು ಏನಂದ್ರ ಅದನ್ನ ನೋಡಿ ಗುರತು ಹಿಡಿಯೋ ಮೈದಾನ. ಹುಡುಗಿ ದೊಡ್ಡಾಕಿ ಆದಳು ಅಂದ್ರ ಅಂಗಳದಾಗಿನ ಕುಂಟಾಬಿಲ್ಲಿನೂ ಬಂದ್. ಮುಂದ ಸಾಲಿನೂ ಬಂದ್.

ಅದಕ್ಕ ಹುಡುಗ್ಯಾರ ತಂಡದ ಚರಿತ್ರಿ ಬರಿಬೇಕಂದ್ರ ಮೊದಲ ಹುಡುಗ್ಯಾರು ಹೈಸ್ಕೂಲಿಗೆ ಹೋದ ಚರಿತ್ರಿ ಬರಿಬೇಕಾಗತೈತಿ. ನಮ್ಮ ಅತ್ತಿ ಹೇಳೋ ಪ್ರಕಾರ ಅವರ ಕಾಲಕ್ಕ ಅವರ ಇಯತ್ತೆದಾಗ ಹುಡುಗ್ಯಾರು ಬೆರಳಿನ ಮ್ಯಾಲ ಎಣಿಸೋ ಅಷ್ಟ. ಅವರು ಆಡಿದ್ದು ಲೇಜಿಮ್ ಮತ್ತ ರಿಂಗ್ ಅಷ್ಟ. ಒಂದು ತಂಡ ಕಟ್ಟಬೇಕಂದ್ರ ಅಷ್ಟು ಮಂದಿ ಹುಡುಗ್ಯಾರ ಇರಲಿಲ್ಲ. ಅದೇ ಹೊತ್ತಿಗೆ ಹೊರಗ ಏನು ನಡದಿತ್ತು ಅಂದ್ರ, 1955ರಾಗ ಕಲಕತ್ತಾದಾಗ ಹೆಣ್ಣುಮಕ್ಕಳ ರಾಷ್ಟ್ರ ಮಟ್ಟದ ಕಬಡ್ಡಿ ಸುರು ಆತು. 1960-61ರಾಗ ಹೆಣ್ಣುಮಕ್ಕಳ ರಾಷ್ಟ್ರ ಮಟ್ಟದ ಖೋ-ಖೋ ಮೊದಲನೇ ಸಲ ಆಗಿದ್ದು ಎಲ್ಲಿ ಗೊತ್ತೇನ್ರಿ? ಕೊಲ್ಲಾಪುರದಾಗ. ನಮ್ಮ ಮಂದಿ ಅಂಬಾಬಾಯಿ ದರ್ಶನಕ್ಕ ಹೋಗೋ ಕೊಲ್ಲಾಪುರ. ಅಷ್ಟು ಹತ್ತರ ಬಂದಿತ್ತು ಆಟ. ನಮ್ಮ ಹೊಸ್ತಿಲ ದಾಟಿ ಒಳಗ ಬರಾಕ ಇನ್ನೂ ಹತ್ತಿಪ್ಪತ್ತು ವರ್ಷ ಹಿಡೀತು.

ನಾವು ಹೈಸ್ಕೂಲಿಗೆ ಹೋಗಿದ್ದು 1980ರ ದಶಕದಾಗ. ಆಗ ಹುಡುಗ್ಯಾರ ಆಟ ಅಂದ್ರ ಖೋ-ಖೋ. ಯಾಕ ಖೋ-ಖೋನ ಅಂತ ನಾ ಬಹಳ ಸಲ ವಿಚಾರ ಮಾಡೀನಿ. ಮೊದಲನೇದು, ರೊಕ್ಕ ಬೇಕಾಗಂಗಿಲ್ಲ. ಎರಡು ಕಂಬ, ಒಂದು ಬುಟ್ಟಿ ಸುಣ್ಣ ಇದ್ರ ಸಾಕು. ಬೂಟು ಬ್ಯಾಡ, ಬ್ಯಾಟು ಬ್ಯಾಡ. ಎರಡನೇದು, ಕಬಡ್ಡಿಯಾಗ ಕಾಲು ಹಿಡದು ಎಳೀತಾರ, ಅರಬಿ ಹರೀತಾವು ಅಂತ ತಾಯಂದ್ರಿಗೆ ಅಂಜಿಕಿ. ಖೋ-ಖೋದಾಗ ಮುಟ್ಟಿದ್ರ ಸಾಕು. ಮೂರನೇದು ಎಲ್ಲಾಕಿಂತ ದೊಡ್ಡ ಕಾರಣ. ಒಬ್ಬಾಕಿ ನಾಕುನೂರು ಮೀಟರ ಓಟಕ್ಕ ಹೋದ್ರ ಒಬ್ಬಾಕಿನ ಹೋಗಬೇಕು. ಖೋ-ಖೋ ತಂಡ ಅಂದ್ರ ಹನ್ನೆರಡು ಮಂದಿ. ಎಂಟು ಮಂದಿ ಕೂಡತಾರ, ಒಬ್ಬಾಕಿ ಬೆನ್ನು ಹತ್ತತಾಳ, ಮೂವರು ಹೊರಗ ಇರತಾರ. "ಹನ್ನೆರಡು ಮಂದಿ ಹೊಂಟಾರ, ಅಕ್ಕೋರು ಸಂಗಾಟ ಅದಾರ" ಅಂದ್ರ ಮನ್ಯಾಗ ಹೂಂ ಅಂತಿದ್ರು. ಹುಡುಗಿ ಒಬ್ಬಾಕಿ ಹೋಗಬಾರದು ಅನ್ನೋ ನಮ್ಮ ಪದ್ಧತಿನ ಆ ಆಟಕ್ಕ ದಾರಿ ಮಾಡಿಕೊಟ್ಟಿತು.

ಆಡಿದ್ದು ಪರಕಾರದ ಮ್ಯಾಲೇ. ಪರಕಾರದ ನೆರಿಗಿ ಎತ್ತಿ ಸೊಂಟಕ್ಕ ಸಿಗಿಸಿಕೊಂಡು ಓಡೋದು. ನಮ್ಮ ಮೈದಾನ ಎರಿಮಣ್ಣಿಂದು. ಬಿಸಲಿಗೆ ಬಿರಿತಿತ್ತು, ಬಿರುಕಿನಾಗ ಬೆರಳ ಸಿಗತಿತ್ತು. ಮಳಿ ಬಂದ್ರ ಅದೇ ಮಣ್ಣು ಅಂಗಾಲಿಗೆ ಮೆತ್ತಿ ಕಾಲು ಎರಡು ಸೇರ ಭಾರ ಆಗತಿತ್ತು. ಮುಂಜಾನೆ ಹಾಕಿದ ಸುಣ್ಣದ ಗೆರಿ ಸಂಜೀಕ ಇರತಿರಲಿಲ್ಲ. ಹೊರಗಾದ ದಿವಸ ಬಂದ್ರ ಇನ್ನೂ ಫಜೀತಿ. ಹೇಳೋ ಹಂಗಿಲ್ಲ, ಬಿಡೋ ಹಂಗಿಲ್ಲ. "ಹೊಟ್ಟಿ ನೂಸ್ತೈತ್ರಿ ಸರ್" ಅಂತ ಹೇಳಿ ಬದಿಗೆ ಕೂಡೋದು, ಸರ್ ಅರ್ಥ ಮಾಡಕೊಂಡು ಸುಮ್ಮನಿರೋದು. ಸ್ಕರ್ಟ ಬಂದವು, ಆಮ್ಯಾಲ ಚೂಡಿದಾರ, ಈಗ ಟ್ರ್ಯಾಕ್ ಪ್ಯಾಂಟ. ಅರಬಿ ಬದಲಾದಂಗ ಓಟನೂ ಬದಲಾಗೇತಿ, ಅದು ಖರೇ.

ಆಗಿನ ಜಿಲ್ಲಾ ಕೇಂದ್ರ ವಿಜಾಪುರ. ನಮ್ಮ ನಾಲ್ಕೂ ಊರು ಕೃಷ್ಣಾದ ಈಚೀಗೆ, ವಿಜಾಪುರ ಆಚೀಗೆ. ಜಮಖಂಡಿ ಕಡೆಯವ್ರು ಚಿಕ್ಕಪಡಸಲಗಿ ಹತ್ರ ಹೊಳಿ ದಾಟಬೇಕು, ಬೀಳಗಿ ಕಡೆಯವ್ರು ಕೊರ್ತಿ-ಕೊಲ್ಹಾರದ ಕಡೆ ದಾಟಬೇಕು. ಆಟದ ಹಂಗಾಮ ಇರೋದು ಶ್ರಾವಣ-ಭಾದ್ರಪದದಾಗ, ಹೊಳಿ ತುಂಬಿ ಬರೋದೂ ಆಗನ. ಹೋದ್ರ ಒಂದು ರಾತ್ರಿ, ಎರಡು ರಾತ್ರಿ ಅಲ್ಲೇ ಯಾವುದರ ಸಾಲಿ ಕೋಣ್ಯಾಗ ಮಲಗಬೇಕು. "ಹೊಳಿ ಆಚೀಗೆ ಹೆಣ್ಣುಹುಡುಗಿ ವಸ್ತಿ" ಅಂದ್ರ ಮನಿ ಹಿರಿಯರ ಮೂಗು ಮ್ಯಾಲ ಏರತಿತ್ತು.

ನಮ್ಮ ದೊಡ್ಡಪ್ಪನ ಮಗಳು, ನಾವೆಲ್ಲ ದೊಡ್ಡಕ್ಕ ಅಂತೀವಿ, ಒಂಬತ್ತನೇತ್ತಾ ಇದ್ದಾಗ ಆಕಿ ತಂಡ ತಾಲ್ಲೂಕಿಗೆ ಮೊದಲ ಬಂತು. ಆಕಿ ಕಂಬ ತಿರುವೋದ್ರಾಗ ಬಲು ಚಾಲಾಕಿ. ಕಂಬಕ್ಕ ಕೈ ಹಾಕಿ ಗರ್ರಂತ ತಿರುಗಿದ್ರ ಓಡಾಕಿ ಕಕ್ಕಾಬಿಕ್ಕಿ. ಜಿಲ್ಲಾ ಮಟ್ಟಕ್ಕ ವಿಜಾಪುರಕ್ಕ ಹೋಗಬೇಕಾತು. ಹನ್ನೆರಡು ಮನಿಗೆ ಚೀಟಿ ಹೋತು. ನಮ್ಮ ದೊಡ್ಡಪ್ಪ ಎರಡು ದಿನ ಮಾತಾಡದ ಕುಂತು, ಕಡೀಕ "ಹೋಗಲಿ" ಅಂದ. ದೊಡ್ಡವ್ವ ಶೇಂಗಾ ಚಟ್ನಿ ಕುಟ್ಟಿದ್ಲು, ಕಟಕ ರೊಟ್ಟಿ ಮಾಡಿ ಇಟ್ಲು. ಆದ್ರ ನಾಲ್ಕು ಮನ್ಯಾಗ ಬ್ಯಾಡಂದ್ರು. ಒಬ್ಬರ ಮನ್ಯಾಗ ವರ ನೋಡಾಕ ಬರೋವ್ರು ಇದ್ರು, ಒಬ್ಬರದು ಶೇಂಗಾ ಕಳೇ ಕಸ, ಒಬ್ಬರಿಗೆ ಹೊಳಿ ಅಂಜಿಕಿ, ಇನ್ನೊಬ್ಬರು ಕಾರಣನ ಹೇಳಲಿಲ್ಲ. ಹನ್ನೆರಡರಾಗ ನಾಲ್ಕು ಹೋದ್ರ ಎಂಟು. ಖೋ-ಖೋ ಆಡಾಕ ಒಂಬತ್ತು ಬೇಕು. ಒಂದೇ ಒಂದು ಹುಡುಗಿ ಕಡಿಮಿ ಬಿದ್ದು ಎಂಟೂ ಮಂದಿ ಮನ್ಯಾಗ ಕುಂತ್ರು. ಆ ರೊಟ್ಟಿ ನಾವೆಲ್ಲ ಕೂಡಿ ತಿಂದಿವಿ. ಮರು ವರ್ಷ ದೊಡ್ಡಕ್ಕನ ಹತ್ತನೇತ್ತಾ, ಆಟ ಬಂದ್. ಆಮ್ಯಾಲ ಲಗ್ನ.

ನಾನು ಈ ಚರಿತ್ರಿಯಾಗ ಹೇಳಬೇಕಂತಿರೋದು ಇದನ್ನೇ. ಗಂಡುಹುಡುಗರ ತಂಡ ಮೈದಾನದಾಗ ಆಗತೈತಿ. ಹುಡುಗ್ಯಾರ ತಂಡ ಮೊದಲ ಹನ್ನೆರಡು ಅಡಗಿ ಮನ್ಯಾಗ ಆಗತೈತಿ, ಆಮ್ಯಾಲ ಮೈದಾನಕ್ಕ ಬರತೈತಿ. ಒಂದು ಮನಿ "ಬ್ಯಾಡ" ಅಂದ್ರ ಅದು ಆ ಮನಿ ಮಗಳಿಗಷ್ಟ ಅಲ್ಲ, ಉಳದ ಹನ್ನೊಂದು ಮನಿ ಮಕ್ಕಳಿಗೂ ಹತ್ತತೈತಿ.

ಆಮ್ಯಾಲ ಆದ ಬದಲಾವಣಿಗಳನ್ನ ಇದೇ ಕಣ್ಣಿಂದ ನೋಡಿದ್ರ ಚಂದ ತಿಳೀತಾವು. 1997ರಾಗ ಬಾಗಲಕೋಟಿ ಬ್ಯಾರೆ ಜಿಲ್ಲಾ ಆತು. ಗಂಡಸರು ಕಚೇರಿ, ಕೋರ್ಟು ಹತ್ರ ಬಂತು ಅಂದ್ರು. ಹುಡುಗ್ಯಾರ ಲೆಕ್ಕದಾಗ ಜಿಲ್ಲಾ ಮಟ್ಟಕ್ಕ ಕೃಷ್ಣಾ ದಾಟೋದು ತಪ್ಪಿತು. ಅನಗವಾಡಿ ಹತ್ರ ಘಟಪ್ರಭಾ ದಾಟಬೇಕು, ಆದ್ರೂ ಮುಂಜಾನೆ ಹೋಗಿ ಸಂಜೀಕ ಬರಬಹುದು. ವಸ್ತಿ ಮಾತು ಇಲ್ಲದಾಗ ಎಷ್ಟೋ ಮನಿ ಹೂಂ ಅಂದವು. ಜಿಲ್ಲಾದ ಗೆರಿ ಸರದದ್ದು ನಕಾಶಿ ಮ್ಯಾಲ, ಖುಲ್ಲಾ ಆದದ್ದು ನಮ್ಮ ಬಾಗಲ.

ಬೀಳಗಿ ಕಡೆ ಕಥಿ ಬ್ಯಾರೆ. 1964ರಾಗ ಲಾಲಬಹಾದ್ದೂರ ಶಾಸ್ತ್ರಿಯವರು ಆಲಮಟ್ಟಿ ಆಣೆಕಟ್ಟಿನ ಅಡಿಗಲ್ಲು ಇಟ್ರು. ಮುಂದ ಹಿನ್ನೀರು ಏರಿದಂಗ ಬೀಳಗಿ ತಾಲ್ಲೂಕಿನ ಊರೂರ ಎದ್ದು ಪುನರ್ವಸತಿ ಕೇಂದ್ರಕ್ಕ ಹೋದವು. ಮನಿ, ಹೊಲ, ಗುಡಿ ಹೋದ ದುಃಖ ಎಲ್ಲರೂ ಹೇಳತಾರ. ಸಾಲಿ ಮೈದಾನ ಹೋದದ್ದು ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ. ನಮ್ಮ ವೈನಿ ತವರು ಆ ಕಡೆ. ಒಂದ ಓಣಿಯಾಗ ಸಣ್ಣಾಕಿ ಇದ್ದಾಗಿಂದ ಕೂಡಿ ಆಡಿದ ಹುಡುಗ್ಯಾರು ಒಬ್ಬಾಕಿ ಒಂದು ಕೇಂದ್ರಕ್ಕ, ಇನ್ನೊಬ್ಬಾಕಿ ಬಾಗಲಕೋಟಿಗೆ, ಮತ್ತೊಬ್ಬಾಕಿ ಮಾವನ ಮನಿಗೆ ಅಂತ ಚದುರಿದ್ರು ಅಂತಾಳ. ಖೋ-ಖೋದಾಗ ಬೆನ್ನ ಹಿಂದಿನಾಕಿ ಯಾವಾಗ ಎದ್ದಾಳು ಅನ್ನೋದು ನೋಡದನ ಗೊತ್ತಾಗಬೇಕು. ಅದು ವರ್ಷಗಟ್ಟಲೆ ಕೂಡಿ ಆಡಿದ್ರ ಬರೋದು. ಹೊಸ ಊರಿಗೆ ಹೋದ ಕೂಡಲೇ ಬರಂಗಿಲ್ಲ.

ರಬಕವಿ-ಬನಹಟ್ಟಿ ನೇಕಾರರ ಊರು. ಅಲ್ಲಿ ಹೊಳಿಗಿಂತ ಮಗ್ಗ ಅಡ್ಡ ಬರತಿತ್ತು. ಸಾಲಿ ಬಿಟ್ಟ ಕೂಡಲೇ ಹುಡುಗಿ ಮನಿಗೆ ಬಂದು ಕಂಡಿಕಿ ಸುತ್ತಬೇಕು. ಕಂಡಿಕಿ ಇಲ್ಲಂದ್ರ ಮಗ್ಗ ನಿಲ್ಲತೈತಿ, ಮಗ್ಗ ನಿಂತ್ರ ಕೂಲಿ ನಿಲ್ಲತೈತಿ. ಸಂಜೀ ಪ್ರಾಕ್ಟೀಸಿಗೆ ಬಾ ಅಂದ್ರ ಯಾವ ಬಾಯಿಂದ ಬರಬೇಕು? ಅಲ್ಲಿಯ ನಮ್ಮ ಚಿಗವ್ವ ಹೇಳೋದು, ಅವರ ಕಡೆ ಮಾಸ್ತರೊಬ್ಬರು ಇದನ್ನ ತಿಳಕೊಂಡು ಮುಂಜಾನೆ ಪ್ರಾರ್ಥನಿಗಿಂತ ಮೊದಲ ಆಡಿಸೋ ರೂಢಿ ಹಾಕಿದ್ರಂತ. ಕರೆಂಟ ಹೋದ ದಿನ ಮಗ್ಗ ಬಂದ್ ಇದ್ರ ಹುಡುಗ್ಯಾರಿಗೆ ಹಬ್ಬ, ಸಂಜೀಕೂ ಮೈದಾನ.

ಇನ್ನೊಂದು ದೊಡ್ಡ ಬದಲಾವಣಿ 2006-07ರಾಗ ಬಂತು. ಸರಕಾರದವ್ರು ಎಂಟನೇತ್ತಾ ಮಕ್ಕಳಿಗೆ ಸೈಕಲ್ ಕೊಡಾಕ ಹತ್ತಿದ್ರು. ಅದಕ್ಕಿಂತ ಮೊದಲ ಹಳ್ಳಿಯಿಂದ ಬರೋ ಹುಡುಗಿಗೆ ಸಾಲಿ ಬಿಟ್ಟ ಮ್ಯಾಲಿನ ಬಸ್ಸೇ ಕೊನೀ ಬಸ್ಸು. ಆಟಕ್ಕ ನಿಂತ್ರ ಬಸ್ ತಪ್ಪತಿತ್ತು. ಅದಕ್ಕ ತಂಡದಾಗ ಊರಾಗಿನ ಹುಡುಗ್ಯಾರ ಜಾಸ್ತಿ, ತೋಟಪಟ್ಟಿಯಿಂದ ಬರೋವ್ರು ಕಡಿಮಿ. ಸೈಕಲ್ ಬಂದ ಮ್ಯಾಲ ನಾಲ್ಕು ಮಂದಿ ಕೂಡಿ ಅರ್ಧ ತಾಸು ತಡಾ ಆದ್ರೂ ತಾವ ಬರತಿದ್ರು. ನನ್ನ ಮಗಳ ತಂಡದಾಗ ಅರ್ಧಕ್ಕರ್ಧ ತೋಟದ ಮನಿ ಹುಡುಗ್ಯಾರು. ಕಬ್ಬಿನ ಹೊಲದಾಗ ಓಡಾಡಿದ ಕಾಲು ಎಂಥಾ ಗಟ್ಟಿ ಇರತಾವು ಅನ್ನೋದು ಆಗ ಎಲ್ಲರಿಗೂ ಗೊತ್ತಾತು.

ಎಲ್ಲಾ ಹಂಗಾಮೂ ಚಲೋ ಬರತಾವು ಅಂತಿಲ್ಲ. ಆಟಕ್ಕೂ ಬರ ಬೀಳತೈತಿ. 2019ರ ಆಗಸ್ಟದಾಗ ಕೃಷ್ಣಾ ಜಮಖಂಡಿ ಕಡೆ ಊರಿಗೇ ಹೊಕ್ಕಿತು, ಘಟಪ್ರಭಾ ಮುಧೋಳ ಕಡೆ ಹೊಕ್ಕಿತು. ಸಾಲಿಗಳು ನಿರಾಶ್ರಿತರ ಕೇಂದ್ರ ಆದವು. ಮೈದಾನದಾಗ ಗಂಜಿ ಒಲಿ, ದನಕರ. 2020ರ ಮಾರ್ಚದಾಗ ಕೊರೊನಾ ಅಂತ ಸಾಲಿಗೇ ಕೀಲಿ ಬಿತ್ತು. 2021ರ ಆಗಸ್ಟದಾಗ 9, 10ನೇತ್ತಾ ತೆರದ್ರೂ ಆಟದ ಮಾತು ಯಾರು ಎತ್ತತಾರ? ಲೆಕ್ಕ ಹಾಕ್ರಿ. 2019ರಾಗ ಎಂಟನೇತ್ತಾಕ್ಕ ಬಂದ ಹೊಳಿದಂಡಿ ಊರಿನ ಹುಡುಗಿಗೆ ಮೊದಲನೇ ಹಂಗಾಮ ನೀರಿಗೆ ಹೋತು, ಎರಡನೇದು, ಮೂರನೇದು ರೋಗಕ್ಕ ಹೋದವು. ಮೂರಕ್ಕ ಮೂರೂ ಹೋದವು. ನಮ್ಮ ಓಣಿಯಾಗ ಅಂಥಾ ಹುಡುಗಿ ಅದಾಳ. ಈಗ ಲಗ್ನ ಆಗಿ ಕೈಯಾಗ ಕೂಸೈತಿ. ಎತ್ತರದಾಕಿ, ಉದ್ದನ್ನ ಕಾಲು. ಆಕಿ ಏನಾಗತಿದ್ಲೋ ಯಾರಿಗೆ ಗೊತ್ತು?

ದೂರದ ಊರಿನ ಹುಡುಗ್ಯಾರ ಹೆಸರು ಟಿವಿಯಾಗ ಕೇಳತೀವಿ. ಉಡುಪಿ ಜಿಲ್ಲಾದ ಮಮತಾ ಪೂಜಾರಿ ಕಬಡ್ಡಿಯಾಗ ದೇಶಕ್ಕ ಆಡಿದ್ಲು, 2014ರಾಗ ಅರ್ಜುನ ಪ್ರಶಸ್ತಿ ತಗೊಂಡ್ಲು. ಏಷ್ಯಾಡದಾಗ ಗಂಡಸರ ಕಬಡ್ಡಿ 1990ರಾಗ ಬಂತು, ಹೆಣ್ಣುಮಕ್ಕಳದು ಬರಾಕ 2010 ಆತು. ಇಪ್ಪತ್ತು ವರ್ಷ ತಡಾ. ಬಂದ ವರ್ಷನ ನಮ್ಮ ಹೆಣ್ಣುಮಕ್ಕಳು ಬಂಗಾರ ತಂದ್ರು. 2025ರ ಜನವರಿದಾಗ ದಿಲ್ಲಿಯಾಗ ಮೊದಲನೇ ಖೋ-ಖೋ ವಿಶ್ವಕಪ್ ಆತು. ಹೆಣ್ಣುಮಕ್ಕಳ ಫೈನಲದಾಗ ನೇಪಾಳವನ್ನ 78-40ಕ್ಕ ಸೋಲಿಸಿದ ತಂಡದಾಗ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ಲು. ಕುರುಬೂರು ಒಂದು ಹಳ್ಳಿ. ನಮ್ಮ ಹಳ್ಳಿಗಳಂಥಾದ್ದೇ ಹಳ್ಳಿ. ಆ ಊರಾಗೂ ಯಾವಾಗೋ ಒಂದು ದಿನ ಮನಿಮನಿಗೆ ಚೀಟಿ ಹೋಗಿರಬೇಕು, ಮನಿಮನಿಯೊಳಗ ಹೂಂ ಅಂದಿರಬೇಕು. ಆ ಹೂಂ ಅಂದವ್ರ ಹೆಸರು ಯಾವ ಪೇಪರದಾಗೂ ಬರಂಗಿಲ್ಲ.

ಎಲ್ಲರೂ ವಿಶ್ವಕಪ್ ಆಡಬೇಕಂತ ನಾ ಅನ್ನಂಗಿಲ್ಲ. ನಮ್ಮ ಓಣಿಯಾಗ ಆಡಿದವ್ರು ಈಗ ಏನು ಮಾಡಾಕ ಹತ್ಯಾರ ನೋಡ್ರಿ. ಒಬ್ಬಾಕಿ ಪೊಲೀಸದಾಗ ಅದಾಳ, ಒಬ್ಬಾಕಿ ನರ್ಸ, ಒಬ್ಬಾಕಿ ಸ್ವಸಹಾಯ ಸಂಘದ ಲೆಕ್ಕಪತ್ರ ನೋಡತಾಳ, ಉಳದವ್ರು ಮನಿ, ಹೊಲ, ಮಗ್ಗ. ಆದ್ರ ಹೊಸ ಊರಿಗೆ ಬಸ್ ಹತ್ತಿ ಹೋಗಿ ಬರೋ ಧೈರ್ಯ, ಸೋತು ಬಂದು ಊಟ ಮಾಡಿ ಮಲಗೋ ಗಟ್ಟಿತನ, ಎದುರಿನಾಕಿ ಕೈ ಹಿಡದು "ಚಲೋ ಆಡಿದ್ಯವ್ವಾ" ಅನ್ನೋ ದೊಡ್ಡ ಮನಸು ಅವರಿಗೆ ಆ ಹಂಗಾಮದಾಗನ ಬಂತು. ನನ್ನ ಮಗಳು ಮುಧೋಳದವ್ರ ಮುಂದ ಸೋತು ಬಂದ ದಿನ ಅತ್ತಿದ್ಲು. ಆ ಮುಧೋಳದ ತಂಡದಾಕಿನ ಒಬ್ಬಾಕಿ ಈಗ ಆಕಿ ಜೀವದ ಗೆಳತಿ, ಎರಡೂ ಮನಿಗೆ ಹೋಗಿಬರೋದು ಐತಿ. ನಮ್ಮ ಅಜ್ಜಿ ಕಾಲದಾಗ ಎರಡು ರಾಜರ ಸೀಮಿ ಆಗಿದ್ದ ಊರು ಇವು.

ಈಗ ಮತ್ತ ಪಂಚಮಿ ಹತ್ರ ಬಂತು. ಮಾಸ್ತರು ಚೀಟಿ ಕಳಿಸೋ ಹೊತ್ತು. ಈಗಿನ ಮನ್ಯಾಗ ಹೊಳಿ ಅಂಜಿಕಿ ಇಲ್ಲ, ಕಂಡಿಕಿ ಸುತ್ತೋ ಕೆಲಸನೂ ಮೊದಲಿನಷ್ಟಿಲ್ಲ. ಈಗಿನ ಅಡ್ಡಿ ಟ್ಯೂಷನ್ನು, "ಮಾರ್ಕ್ಸ ಕಡಿಮಿ ಬಿದ್ದಾವು" ಅನ್ನೋದು, "ಬಿಸಲಿಗೆ ಕಪ್ಪಾಗತಾಳ" ಅನ್ನೋದು. ಅಕ್ಕಾರ, ಆಟದ ಹಂಗಾಮ ಇರೋದೇ ಎಂಟು-ಹತ್ತು ವಾರ. ಟ್ಯೂಷನ್ ಮಹಾನವಮಿ ಆದ ಮ್ಯಾಲೂ ಇರತೈತಿ. ಚೀಟಿ ಬಂದ್ರ ಗಂಡಸರ ಜೇಬಿನಾಗ ನಾಲ್ಕು ದಿನ ಒಣಗಾಕ ಬಿಡಬ್ಯಾಡ್ರಿ. ಬಾಜೂ ಮನಿಯಾಕಿನೂ ಕೇಳ್ರಿ, "ನಿಮ್ಮಾಕಿದು ಸಹಿ ಆತೇನವ್ವಾ?" ಅಂತ. ಆಕಿ ಅನುಮಾನ ಮಾಡಾಕ ಹತ್ತಿದ್ರ ಕುಂಡ್ರಿಸಿ ಒಂದು ಕಪ್ ಚಾ ಕೊಟ್ಟು ಮಾತಾಡ್ರಿ. ಒಂಬತ್ತನೇ ಹುಡುಗಿ ಆಕಿ ಮನ್ಯಾಗನ ಇರಬಹುದು.